ನಾಡು ನೋಡುವುದೆಂದರೇನು?

(ಬೆಳಗಾವಿಯ ರಾಮತೀರ್ಥ ನಗರದಲ್ಲಿ ಸೇರಿದ್ದ ಯುವಕ ಯುವತಿಯರ ನಾಯಕತ್ವ ಶಿಬಿರದಲ್ಲಿ, ಒಂದು ದಿನದ ಪ್ರವಾಸ ಮುಗಿಸಿ ಬಂದ ರಾತ್ರಿ ಮಾಡಿದ ಭಾಷಣ)



ಬೆಳಿಗ್ಗೆ ಆರು ಗಂಟೆಗೆ ಇಲ್ಲಿಂದ ಹೊರಟ ನಾವು ಈಗಷ್ಟೇ ಊಟ ಮುಗಿಸಿ ಕೂತಿದ್ದೇವೆ. ದಣಿದವರ ಮುಂದೆ ಉದ್ದ ಭಾಷಣ ಮಾಡುವುದು ತಪ್ಪೆಂದು ಬಲ್ಲೆ. ಆದರೂ ಇವೊತ್ತು ಕಂಡದ್ದನ್ನು ಮಲಗುವ ಮೊದಲು ಒಮ್ಮೆ ಕೂಡಿಸಿ ನೋಡಬೇಕು. ಇಲ್ಲವಾದರೆ ನಮ್ಮ ಬಳಿ ಉಳಿಯುವುದು ಫೋಟೋಗಳು ಮಾತ್ರ.

ಮೊದಲು ನಾವು ನಿಂತದ್ದು ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಬಳಿ. 1924ರ ಡಿಸೆಂಬರಿನಲ್ಲಿ ಇಲ್ಲಿ ಅಧಿವೇಶನ ನಡೆಯಿತು. ಗಾಂಧೀಜಿ ತಮ್ಮ ಜೀವಮಾನದಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಅದೊಂದೇ ಸಲ. ಗಂಗಾಧರರಾವ್ ದೇಶಪಾಂಡೆಯವರೂ ಹರ್ಡೀಕರರ ಸೇವಾದಳದ ತರುಣರೂ ಅದಕ್ಕಾಗಿ ಹಗಲಿರುಳು ದುಡಿದರು. ಬಂದ ಜನಕ್ಕೆ ನೀರು ಬೇಕಲ್ಲ? ಬಾವಿ ತೋಡಿಸಿದರು. ಅಂದಿನ ಭಾಷಣಗಳನ್ನು ಇಂದು ಓದುವವರು ಕಡಿಮೆ. ಬಾವಿ ಇನ್ನೂ ಇದೆ. ಈ ಮಾತನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಅಲ್ಲಿಂದ ಖಾನಾಪುರ ದಾಟಿ ಹಲಸಿಗೆ ಹೋದೆವು. ಇಂದು ಅದು ಸಣ್ಣ ಹಳ್ಳಿ. ಒಂದು ಕಾಲಕ್ಕೆ ಪಲಾಶಿಕಾ ಎಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಾಗಿತ್ತು. ಭೂವರಾಹ ನರಸಿಂಹ ದೇವಾಲಯವನ್ನು ನೀವೆಲ್ಲ ಮನಸಾರೆ ನೋಡಿದಿರಿ. ಆದರೆ ಹಲಸಿಯ ಹೆಸರು ಇತಿಹಾಸದಲ್ಲಿ ಉಳಿದಿರುವುದು ಅಲ್ಲಿ ಸಿಕ್ಕ ತಾಮ್ರಪಟಗಳಿಂದ. ಅವುಗಳಲ್ಲೊಂದು ಸುಮಾರು ಸಾವಿರದ ಐನೂರು ವರ್ಷಗಳ ಹಿಂದಿನದು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಕಾಕುಸ್ಥವರ್ಮನು ಒಂದು ಹೊಲವನ್ನು ಕೊಟ್ಟ ದಾಖಲೆ ಅದು. ಅದರಲ್ಲಿ ಕೊಟ್ಟವನ ಹೆಸರಿದೆ, ಪಡೆದವನ ಹೆಸರಿದೆ. ಆ ಹೊಲವನ್ನು ಉತ್ತವನ ಹೆಸರಿಲ್ಲ.

ಹಿಂದಿರುಗುವಾಗ ನಂದಗಡದಲ್ಲಿ ಇಳಿದೆವು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ಗಲ್ಲಿಗೇರಿಸಿದ ಊರು. ಅವನ ಸಮಾಧಿಯ ಮೇಲೆ ಬೆಳೆದ ಆಲದ ಮರದ ಕೆಳಗೆ ನಾವು ಕೂತೆವು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಕೆಲವು ವರ್ಷ ಸಾಲೆ ಮಾಸ್ತರನಾಗಿದ್ದವನು. ರಾಯಣ್ಣನ ಪಾಠವನ್ನು ಪ್ರತಿ ವರ್ಷ ಹೇಳಿದ್ದೇನೆ. ಹುಟ್ಟಿದ್ದು ಎಲ್ಲಿ, ಗಲ್ಲಿಗೇರಿದ್ದು ಎಲ್ಲಿ, ಎರಡು ಅಂಕ. ಅವನು ಏತಕ್ಕಾಗಿ ಸಿಟ್ಟಾದ ಎಂದು ನಾನು ಮಕ್ಕಳಿಗೆ ಹೇಳಲಿಲ್ಲ, ಏಕೆಂದರೆ ನಾನೇ ಕೇಳಿಕೊಂಡಿರಲಿಲ್ಲ. ರಾಯಣ್ಣ ಶೇತಸನದಿ, ಊರು ಕಾಯುವ ಚಾಕರಿಗೆ ಪ್ರತಿಯಾಗಿ ಹೊಲ ಪಡೆದ ಮನೆತನದವನು. ಕಿತ್ತೂರು ಬಿದ್ದ ಮೇಲೆ ಕಂಪನಿ ಸರಕಾರ ಇಂಥವರ ಜಮೀನನ್ನು ಕಿತ್ತುಕೊಂಡಿತು, ಉಳಿದದ್ದಕ್ಕೆ ಕರ ಹೇರಿತು. ಕಿತ್ತೂರಿನ ಗಾದಿಗಾಗಿ ಎದ್ದ ದಂಡಿನೊಳಗೆ ಹೊಲ ಕಳೆದುಕೊಂಡವರ ಸಂಕಟವೂ ಇತ್ತು. 1830ರ ಜನವರಿಯಲ್ಲಿ ಅವರು ಇದೇ ಖಾನಾಪುರ ಸೀಮೆಯ ಬೀಡಿಯ ಕಚೇರಿಗೆ ಬೆಂಕಿಯಿಟ್ಟರು. ಆ ಕಚೇರಿಗಳ ಕಾಗದದಲ್ಲೇ ತಮ್ಮ ಹೊಲ ಕಳೆದುಹೋಯಿತೆಂದು ಅವರು ಬಲ್ಲವರಾಗಿದ್ದರು.

ಈಗ ಮಧ್ಯಾಹ್ನದ ಘಟನೆ. ಮರಕ್ಕೆ ಹರಕೆಯ ತೊಟ್ಟಿಲು ಕಟ್ಟಲು ಸೊಸೆಯೊಡನೆ ಬಂದಿದ್ದ ಒಬ್ಬ ಅಜ್ಜಿ ಮರಾಠಿಯಲ್ಲಿ ಏನೋ ಕೇಳಿದರು. ನಮ್ಮಲ್ಲೊಬ್ಬ, "ಇವರಿಗೇನು ಗೊತ್ತು ರಾಯಣ್ಣ!" ಎಂದು ನಕ್ಕ. ಹೆಸರು ಹೇಳುವುದಿಲ್ಲ, ಅವನಿಗೆ ಈಗಾಗಲೇ ನಾಚಿಕೆಯಾಗಿದೆ. ಖಾನಾಪುರದ ನಮ್ಮ ಸೋದರಿ ಆ ಮಾತನ್ನು ಕನ್ನಡಕ್ಕೆ ತಿರುಗಿಸಿದಾಗ ತಿಳಿಯಿತು, ಅಜ್ಜಿ ಕೇಳಿದ್ದು "ನಿಮ್ಮಲ್ಲಿ ಅರ್ಜಿ ಬರೆಯಬಲ್ಲವರು ಯಾರಾದರೂ ಇದ್ದಾರಾ?" ಎಂದು.

ಅವರ ಮನೆಯವರು ಅತ್ತೆಯ ಅತ್ತೆಯ ಕಾಲದಿಂದ ಅಡವಿಯ ಅಂಚಿನಲ್ಲಿ ಉಳುತ್ತಿದ್ದಾರೆ. ಉತಾರದಲ್ಲಿ ಅವರ ಹೆಸರಿಲ್ಲ. ಹಕ್ಕು ಕೇಳಿದರೆ ಎಪ್ಪತ್ತೈದು ವರ್ಷದ ಕಾಗದ ತನ್ನಿ ಎಂದು ಹಿಂದಕ್ಕೆ ಕಳಿಸಿದರಂತೆ. "ನಮ್ಮ ಅತ್ತೆಯವರ ಬಳಿ ಸೀರೆಯೇ ಎರಡಿತ್ತು, ಕಾಗದ ಎಲ್ಲಿಂದ ಬರಬೇಕು?" ಎಂದರು ಆಕೆ. ಸಾವಿರದ ಐನೂರು ವರ್ಷದ ಹಿಂದಿನ ಪಟದಲ್ಲಿ ಉಳುವವನ ಹೆಸರಿರಲಿಲ್ಲ. ಇವರ ಉತಾರದಲ್ಲಿ ಇವೊತ್ತಿಗೂ ಇಲ್ಲ.

ಮಿತ್ರರೇ, 2006ರ ಅರಣ್ಯ ಹಕ್ಕು ಕಾಯಿದೆ ಏನು ಹೇಳುತ್ತದೆಂದು ಕೇಳಿ. ಪರಿಶಿಷ್ಟ ಪಂಗಡದವರಲ್ಲದ ಅಡವಿಯ ನಿವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಅಲ್ಲಿದ್ದುದನ್ನು ತೋರಿಸಬೇಕು. ಪಂಗಡದವರಿಗೆ ಈ ಎಪ್ಪತ್ತೈದು ವರ್ಷದ ಷರತ್ತಿಲ್ಲ. ರಾಯಣ್ಣನ ಬಲಗೈಯಾಗಿದ್ದವನು ಸಿದ್ದಿಯಾದ ಗಜವೀರ ಎಂದು ನಮ್ಮ ಜನ ಹಾಡಿ ಕೊಂಡಾಡುತ್ತಾರೆ. ಆದರೆ ಬೆಳಗಾವಿ ಜಿಲ್ಲೆಯ ಸಿದ್ದಿಗಳು ಪಂಗಡದ ಪಟ್ಟಿಗೆ ಸೇರಿದ್ದು 2020ರಲ್ಲಿ! ಹಾಡಿನಲ್ಲಿ ಕೊಟ್ಟ ಮರ್ಯಾದೆಯನ್ನು ಕಾಯಿದೆಯಲ್ಲಿ ಕೊಡಲು ನಾವು ಅಷ್ಟು ಕಾಲ ತೆಗೆದುಕೊಂಡೆವು.

ಆದರೆ ಅಜ್ಜಿಗೆ ಯಾರೂ ಹೇಳದ ಒಂದು ಸಂಗತಿಯಿದೆ. ಪುರಾವೆ ಎಂದರೆ ಸರಕಾರಿ ಕಾಗದವೊಂದೇ ಅಲ್ಲ. ಆ ಕಾಯಿದೆಯ 13ನೆಯ ನಿಯಮ ಓದಿ. ಕಟ್ಟಿದ ಮನೆ, ಹಾಕಿದ ಬದು, ಸಮ ಮಾಡಿದ ನೆಲ, ಬಾವಿ, ಹಿರಿಯರ ಗೋರಿ, ಇವೆಲ್ಲ ಪುರಾವೆಯೇ. ಅರ್ಜಿದಾರರಲ್ಲದ ಊರ ಹಿರಿಯರ ಮಾತನ್ನು ಬರಹಕ್ಕಿಳಿಸಿದರೆ ಅದೂ ಪುರಾವೆ. ಇಂಥ ಪುರಾವೆ ಒಂದಕ್ಕಿಂತ ಹೆಚ್ಚು ಇರಬೇಕು, ಅಷ್ಟೇ. ಅರ್ಜಿ ಮೊದಲು ಹೋಗಬೇಕಾದದ್ದು ಗ್ರಾಮಸಭೆಗೆ.

ಹಿರಿಯರ ಮಾತನ್ನು ಬರಹಕ್ಕಿಳಿಸಬೇಕು! ಇದಕ್ಕೆ ಬೇಕಾದದ್ದು ಒಂದು ಪೆನ್ನು, ಒಂದು ಹಾಳೆ, ಕೂತು ಕೇಳುವ ತಾಳ್ಮೆ. ನಾನು ಮ್ಯಾಟ್ರಿಕ್ಕಿನವರೆಗೆ ಮಾತ್ರ ಓದಿದವನು. ನಿಮ್ಮಲ್ಲಿ ಪದವೀಧರರೇ ಹೆಚ್ಚು. ಈ ಕೆಲಸಕ್ಕೆ ಆ ನಾಲ್ಕಕ್ಷರ ಬಾರದಿದ್ದರೆ ಅದರ ಉಪಯೋಗವೇನು?

ನಾಯಕತ್ವ ಕಲಿಯಲು ಬಂದಿದ್ದೇವೆ, ನಮ್ಮ ನಾಡನ್ನು ಅರಿಯಲು ಬಂದಿದ್ದೇವೆ ಎನ್ನುತ್ತೀರಿ. ಒಳ್ಳೆಯದು. ಆ ಅಜ್ಜಿಯನ್ನು ಬಿಟ್ಟು ಬೇರೊಂದು ಕರ್ನಾಟಕವಿಲ್ಲ. ಆಕೆಯ ಮಾತು ಮರಾಠಿ. ಆಕೆ ತೊಟ್ಟಿಲು ಕಟ್ಟಿದ್ದು ರಾಯಣ್ಣನ ಮರಕ್ಕೆ. ಆಕೆಯ ಹೊಲ ನಮ್ಮ ನಾಡಿನ ನೆಲ. ಭಾಷೆಯ ಹೆಸರಿನಲ್ಲಿ ನಾವು ಆಕೆಯನ್ನು ದೂರವಿಟ್ಟರೆ ಆಕೆಗೂ ನ್ಯಾಯವಿಲ್ಲ, ಕನ್ನಡಕ್ಕೂ ಗೌರವವಿಲ್ಲ.

ಆದ್ದರಿಂದ ನಾಳಿನ ಕಾರ್ಯಕ್ರಮವನ್ನು ಬದಲಿಸೋಣ ಎಂದು ಸೂಚಿಸುತ್ತೇನೆ. ಕೋಟೆ ನೋಡುವುದನ್ನು ಇನ್ನೊಂದು ದಿನಕ್ಕೆ ಇಡೋಣ. ಮರಾಠಿ ಬಲ್ಲ ಆರು ಮಂದಿ, ಬರವಣಿಗೆ ಶುದ್ಧವಾಗಿರುವ ಆರು ಮಂದಿ ಅಜ್ಜಿಯ ಊರಿಗೆ ಹೋಗಲಿ, ನಾನೂ ಬರುತ್ತೇನೆ. ಉಳಿದವರು ಇದೇ ರಾಮತೀರ್ಥ ನಗರದಲ್ಲಿ ನಾಲ್ಕು ಮನೆಯ ಹಿರಿಯರನ್ನು ಕೇಳಲಿ: ಈ ಮನೆಗಳು ಏಳುವ ಮೊದಲು ಇಲ್ಲಿ ಏನಿತ್ತು, ಯಾರು ಉಳುತ್ತಿದ್ದರು?

ನೂರು ವರ್ಷದ ಹಿಂದೆ ಈ ಊರಿಗೆ ಬಂದವರು ಭಾಷಣವನ್ನೂ ಮಾಡಿದರು, ಬಾವಿಯನ್ನೂ ಬಿಟ್ಟು ಹೋದರು. ನನ್ನ ಭಾಷಣ ಮುಗಿಯಿತು. ಬಾವಿಯ ಕೆಲಸ ಬೆಳಿಗ್ಗೆ ಆರು ಗಂಟೆಗೆ. ಬರುವವರು ಕೈಯೆತ್ತಿ.