ಕಲ್ಲಿನಲ್ಲಿ ಲೆಕ್ಕವಿದೆ, ಹೆಸರಿಲ್ಲ

(ಚಿಕ್ಕೋಡಿಯಲ್ಲಿ ಇತಿಹಾಸಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರಕಾರ ಈ ದೇಶದ ಅನೇಕ ಊರುಗಳಲ್ಲಿ ಒಂದೊಂದು ಕಲ್ಲಿನ ಫಲಕ ಹಾಕಿಸಿತು. ಚಾವಡಿಯ ಗೋಡೆಯೋ ಅಗಸಿಯ ಪಕ್ಕವೋ, ಅಂತೂ ಜನ ಓಡಾಡುವ ಜಾಗ. ಒಕ್ಕಣೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ: ಈ ಊರಿನಿಂದ ಇಷ್ಟು ಜನ 1914-1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಊರಿನಿಂದ ಊರಿಗೆ ಬದಲಾಗುತ್ತಿದ್ದದ್ದು ಅಂಕಿ ಮಾತ್ರ. (ಕಾಳಗ ನಿಂತದ್ದು 1918ರ ನವೆಂಬರಿನಲ್ಲಿ. ಶಾಂತಿ ಒಪ್ಪಂದಕ್ಕೆ ರುಜು ಬಿದ್ದದ್ದು 1919ರಲ್ಲಿ, ಆದ್ದರಿಂದ ಆ ವರ್ಷ.)

ಹೋದವರು ಯಾರು, ಯಾರ ಮಕ್ಕಳು? ಆ ಮಾತನ್ನು ಕಲ್ಲು ಹೇಳುವುದಿಲ್ಲ.

ನಮ್ಮ ನಾಡಿಗೆ ಇದು ಹೊಸ ರೀತಿ. ಇಲ್ಲಿ ಸತ್ತ ವೀರನಿಗೆ ಕಲ್ಲು ನಿಲ್ಲಿಸುವ ಪದ್ಧತಿ ಸಾವಿರ ವರ್ಷಕ್ಕೂ ಹಳೆಯದು. ಬರಹವಿರುವ ವೀರಗಲ್ಲುಗಳನ್ನು ನೋಡಿ: ತುರು ಕಾಯುತ್ತ ಬಿದ್ದವನು ಯಾರು, ಯಾವ ಅರಸನ ಕಾಲ, ಕಲ್ಲು ನಿಲ್ಲಿಸಿದವರು ಯಾರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಬರಹವಿಲ್ಲದ ಕಲ್ಲಿನಲ್ಲೂ ಅವನ ಆಕೃತಿಯಾದರೂ ಇರುತ್ತದೆ. ಒಬ್ಬನಿಗೆ ಒಂದು ಕಲ್ಲು ಎಂದಿದ್ದ ನಾಡಿನಲ್ಲಿ ಊರಿಗೆಲ್ಲ ಸೇರಿ ಒಂದು ಅಂಕಿ ಬಂತು.

ಈ ಸೀಮೆಗೆ ಹತ್ತಿರದ ದಂಡೆಂದರೆ ಮರಾಠಾ ಪಲ್ಟನ್‌ಗಳು. ಅವುಗಳಲ್ಲಿ 103, 110 ಮತ್ತು 117ನೆಯವು ಇಂದಿನ ಇರಾಕಿನ ಕುತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿಕೊಂಡವು. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ಅದು ನಡೆಯಿತು. ಕಾಳು ಮುಗಿಯುತ್ತ ಬಂದಾಗ ಕುದುರೆ ಕಡಿದು ಮಾಂಸ ಹಂಚಿದರು. ಹಿಂದೀ ಸಿಪಾಯಿಗಳಲ್ಲಿ ಬಹಳ ಮಂದಿ ಎಷ್ಟೋ ದಿನ ಅದನ್ನು ಮುಟ್ಟಲಿಲ್ಲ, ಹಸಿವಿನಿಂದಲೇ ಬಳಲಿದರು. ಕೊನೆಗೆ ಶರಣಾದವರು ಸುಮಾರು 13,000 ಜನ. ಅವರಲ್ಲಿ ಸಾವಿರಾರು ಮಂದಿ ಸೆರೆಯಲ್ಲಿ ತೀರಿಕೊಂಡರು. 1918ರ ಅಕ್ಟೋಬರಿನಲ್ಲಿ ಅದೇ ದೇಶದ ಷರ್ಕತ್‌ನಲ್ಲಿ ಹೋರಾಡಿ ಹೆಸರಾದದ್ದು 114ನೇ ಪಲ್ಟನ್. ಬೆಳಗಾವಿಯ ಮರಾಠಾ ಕೇಂದ್ರದಲ್ಲಿ ಇಂದಿಗೂ ಹೂಮಾಲೆ ಇಡುವ ಸ್ಮಾರಕಕ್ಕೆ ಷರ್ಕತ್ ಎಂಬ ಹೆಸರು ಬಂದದ್ದು ಹೀಗೆ.

ಸಮಾಧಿಯೂ ಸಿಗದವರ ನೆನಪಿಗೆ ಬಸ್ರಾದಲ್ಲಿ 1929ರಲ್ಲಿ ದೊಡ್ಡ ಸ್ಮಾರಕ ಎದ್ದಿತು. ಅದು ನೆನೆಯುವುದು 40,000ಕ್ಕೂ ಹೆಚ್ಚು ಜನರನ್ನು. ಬ್ರಿಟಿಷ್ ಸೋಲ್ಜರನ ಹೆಸರನ್ನು ಅಲ್ಲಿ ಕೆತ್ತಿದರು. ಹಿಂದೀ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಸಾಮಾನ್ಯ ಹಿಂದೀ ಸಿಪಾಯಿಗೆ ಮಾತ್ರ ಪಲ್ಟನ್ನಿನ ಹೆಸರಿನ ಕೆಳಗೆ ಒಟ್ಟು ಸಂಖ್ಯೆ. ಊರಿನಲ್ಲೂ ಅಂಕಿ, ಸತ್ತ ದೇಶದಲ್ಲೂ ಅಂಕಿ! ಇದು ಅಸಮಾನ ನಡವಳಿಕೆ ಎಂದು ಆ ಸ್ಮಾರಕಗಳ ಹೊಣೆ ಹೊತ್ತ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ಒಪ್ಪಿ ಕ್ಷಮೆ ಕೇಳಿತು. ದಿಲ್ಲಿಯ ಇಂಡಿಯಾ ಗೇಟಿನ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ, ನಿಜ. ಆದರೆ ಆ ಯುದ್ಧದಲ್ಲಿ ಸತ್ತ ಭಾರತೀಯರು ಸುಮಾರು 74,000.

ಅಂಕಿ ಇನ್ನೊಂದನ್ನೂ ಮುಚ್ಚುತ್ತದೆ. 19ನೇ ಶತಮಾನದ ಕೊನೆಗೆ ಮಹಾರರನ್ನು ಸೈನ್ಯಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದ ಸರಕಾರ, ಜನ ಸಾಲದಾದಾಗ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿತು. ಯುದ್ಧ ಮುಗಿದದ್ದೇ ತಡ, ಅದನ್ನು ಮುರಿದು ಹಾಕಿತು. ಮತ್ತೆ ಯುದ್ಧ ಬಂದು 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿದ್ದು ಇದೇ ಬೆಳಗಾವಿಯಲ್ಲಿ. ಊರ ಕಲ್ಲಿನ ಲೆಕ್ಕದಲ್ಲಿ ಯಾವ ಕೇರಿಯವರು ಎಷ್ಟು ಎಂದು ಈಗ ಯಾರನ್ನು ಕೇಳುವುದು?

ಪೂರ್ತಿ ಕೈಚೆಲ್ಲಬೇಕಿಲ್ಲ. ಪಂಜಾಬಿನ ಸುಮಾರು 3,20,000 ಸೈನಿಕರ ವಿವರವಿದ್ದ ದಫ್ತರಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ಸುಮ್ಮನೆ ಬಿದ್ದಿದ್ದವು. 2021ರಿಂದ ಅವುಗಳಲ್ಲಿ ಊರು ಹಿಡಿದು ಹೆಸರು ಹುಡುಕಬಹುದಾಗಿದೆ. ಮಡಿದವರ ಬಗ್ಗೆ ಕಾಮನ್‌ವೆಲ್ತ್ ಆಯೋಗದ ದಾಖಲೆಯಲ್ಲೂ ಎಷ್ಟೋ ಕಡೆ ತಂದೆಯ ಹೆಸರು, ಊರು, ಜಿಲ್ಲೆ ಇವೆ. ಇಂಗ್ಲಿಷ್ ಕಾರಕೂನನ ಕಿವಿಗೆ ಬಿದ್ದಂತೆ ಬರೆದ ಹೆಸರುಗಳವು, ಬಾಯಲ್ಲಿ ಹೇಳಿಕೊಂಡು ಓದಬೇಕು. ನಿಪ್ಪಾಣಿ, ಕಾಗವಾಡ ತಾಲೂಕುಗಳು ಈಚಿನವು. ಅಲ್ಲಿಯವರನ್ನು ಚಿಕ್ಕೋಡಿ, ಅಥಣಿಗಳಲ್ಲಿ ಹುಡುಕಬೇಕು. ರಾಯಬಾಗದ್ದು ಬೇರೆಯೇ ದಾರಿ, ಅದು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು.

ಅದಕ್ಕಿಂತ ಮೊದಲು ಮನೆಯ ಟ್ರಂಕು ತೆರೆದು ನೋಡಿ. ಸಿಪಾಯಿಗೆ ಕೊಟ್ಟ ಪದಕದ ಅಂಚಿನಲ್ಲಿ ಅವನ ನಂಬರು, ಹುದ್ದೆ, ಹೆಸರು, ಪಲ್ಟನ್ ಒತ್ತಿರುತ್ತಾರೆ. ಮಡಿದವನ ಮನೆಗೆ ಅಂಗೈಯಗಲದ ಕಂಚಿನ ಬಿಲ್ಲೆಯೊಂದು ಬರುತ್ತಿತ್ತು, ಅದರಲ್ಲಿ ಹುದ್ದೆಯಿಲ್ಲದೆ ಬರೀ ಹೆಸರು. ಬೀದಿಯ ಕಲ್ಲಿನಲ್ಲಿ ಇಲ್ಲದ್ದು ಅಲ್ಲಿದೆ. ಕಂಚು ಮನೆಯಲ್ಲಿ ಉಳಿದೀತು. ಯುದ್ಧ ಪದಕ ಮಾತ್ರ ಬೆಳ್ಳಿಯದು. ಬರಗಾಲದಲ್ಲೋ ಮದುವೆಯ ಅಡಚಣೆಯಲ್ಲೋ ಅಕ್ಕಸಾಲಿಗನ ಕೈಸೇರಿದರೆ ಮೊದಲು ಕರಗುವುದು ಆ ತೆಳು ಅಂಚು.