ಕಡಲ ಕಾನೂನು, ಕೆರೆಯ ಕಾವಲು

(ಮಿರ್ಲೆ ಹೋಬಳಿಯ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ, ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳಲ್ಲಿ ಯಾಂತ್ರೀಕೃತ ದೋಣಿಗಳು ಲಂಗರು ಹಾಕಿ ನಿಂತಿರುತ್ತವೆ. ಮುಂಗಾರಿನ ಈ ಅವಧಿಯು ಅನೇಕ ಜಾತಿಯ ಮೀನುಗಳಿಗೆ ಮೊಟ್ಟೆಯಿಡುವ ಕಾಲ. ತಾಯಿಮೀನನ್ನು ಆಗಲೇ ಹಿಡಿದರೆ ಮುಂದಿನ ವರ್ಷ ಬಲೆಗೆ ಬೀಳುವ ಮೀನು ಹುಟ್ಟುವುದೇ ಇಲ್ಲವೆಂಬ ಸರಳ ವಿಚಾರ ಈ ನಿಷೇಧದ ಹಿಂದಿದೆ. ಕಡಲಿನಿಂದ ದೂರವಿರುವ ಮಿರ್ಲೆಗೆ ಇದರಿಂದ ಏನು ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಅಲ್ಲಿ ಕಾನೂನು ಎದುರಿಸಿದ ತೊಡಕೂ ಅದಕ್ಕೆ ಕಂಡುಕೊಂಡ ಪರಿಹಾರವೂ ಇಲ್ಲಿಯ ಕೆರೆಕಟ್ಟೆಗಳಿಗೆ ನೇರವಾಗಿ ಅನ್ವಯಿಸುತ್ತವೆ.

ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮವು 1986ರಲ್ಲಿ ರೂಪುಗೊಂಡಿತು. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ದೂರದವರೆಗಿನ ನೀರಿನಲ್ಲಿ ಮೀನುಗಾರಿಕೆಯನ್ನು ನಿಯಂತ್ರಿಸುವುದು ರಾಜ್ಯದ ಹೊಣೆ; ಅದರಾಚೆ 200 ನಾಟಿಕಲ್ ಮೈಲಿನವರೆಗೆ ಕೇಂದ್ರದ ಹೊಣೆ. ಎರಡು ದೋಣಿಗಳು ಜೊತೆಗೂಡಿ ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲಿಂಗ್ ಹಾಗೂ ಪ್ರಖರವಾದ ಎಲ್‌ಇಡಿ ದೀಪ ಉರಿಸಿ ಮೀನನ್ನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆ, ಈ ಎರಡನ್ನೂ ಕೇಂದ್ರ ಸರ್ಕಾರವು 2017ರ ನವೆಂಬರಿನಲ್ಲಿ ನಿಷೇಧಿಸಿತು. ಇವುಗಳಲ್ಲಿ ದೊಡ್ಡ ಮೀನಿನೊಡನೆ ಮರಿಗಳೂ ರಾಶಿರಾಶಿಯಾಗಿ ಸಾಯುತ್ತವೆ. ನಾಡದೋಣಿಯವನ ಪಾಲಿಗೆ ಖಾಲಿ ಬಲೆಯೇ ಉಳಿಯುತ್ತದೆ.

ಕಾನೂನು ಬರೆಯುವುದು ಸುಲಭ. ಕಡಲನ್ನು ಕಾಯುವುದು ಕಷ್ಟ. ರಾಜ್ಯದ ಕರಾವಳಿಯ ಉದ್ದ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಕರಾವಳಿ ಕಾವಲು ಪೊಲೀಸರ ಹಾಗೂ ತಟರಕ್ಷಣಾ ಪಡೆಯ ದೋಣಿಗಳು ಪ್ರತಿ ರಾತ್ರಿ ಎಲ್ಲೆಡೆಯೂ ಇರಲಾರವು. ಆದುದರಿಂದ ಸರ್ಕಾರವು ಕಾವಲಿನ ಬಹುಭಾಗವನ್ನು ದಡಕ್ಕೆ ತಂದಿದೆ. ಮೀನು ಎಲ್ಲಿಯೇ ಹಿಡಿದದ್ದಾದರೂ ದಡಕ್ಕೆ ಬರಲೇಬೇಕು. ದೋಣಿಗೆ ಡೀಸೆಲ್ ದಡದಲ್ಲಿಯೇ ತುಂಬಬೇಕು. ಬಲೆಯನ್ನು ದಡದಲ್ಲಿಯೇ ಹೆಣೆಯಬೇಕು. ಮುಂಗಾರಿನ ನಿಷೇಧವನ್ನು ಮುರಿದ ದೋಣಿಯ ಮಾಲೀಕನು ದಂಡಕ್ಕೆ ಗುರಿಯಾಗುವುದಲ್ಲದೆ, ಒಂದು ವರ್ಷ ಕಾಲ ಡೀಸೆಲ್ ಮೇಲಿನ ಮಾರಾಟ ತೆರಿಗೆ ರಿಯಾಯಿತಿಗೂ ಅನರ್ಹನಾಗುತ್ತಾನೆ. ದಂಡಕ್ಕಿಂತ ಈ ರಿಯಾಯಿತಿಯ ನಷ್ಟವೇ ಅನೇಕರನ್ನು ಹೆಚ್ಚು ತಡೆಯಬಲ್ಲದು. ಟ್ರಾಲ್ ಬಲೆಯ ತುದಿಚೀಲದ ಕಣ್ಣು 35 ಮಿಲಿಮೀಟರಿನ ಚೌಕವಾಗಿರಬೇಕೆಂಬ ನಿಯಮದ ಪಾಲನೆಯನ್ನೂ ಬಂದರಿನಲ್ಲಿಯೇ ಅಳೆದು ನೋಡಬಹುದು.

ಜಗತ್ತೂ ಇದೇ ದಾರಿಯನ್ನು ಹಿಡಿದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ 2009ರಲ್ಲಿ ಅಂಗೀಕೃತವಾದ ಬಂದರು ಕ್ರಮಗಳ ಒಪ್ಪಂದವು 2016ರ ಜೂನ್ 5ರಂದು ಜಾರಿಗೆ ಬಂದಿತು. ಅಕ್ರಮವಾಗಿ ಮೀನು ಹಿಡಿದ ಹಡಗಿಗೆ ಬಂದರಿನಲ್ಲಿ ಪ್ರವೇಶವನ್ನೇ ನಿರಾಕರಿಸುವುದು ಅದರ ತಿರುಳು. ಸಾಗರದಲ್ಲಿ ಅಡಗಿದವನು ಬಂದರಿನಲ್ಲಿ ಅಡಗಲಾರ.

ನಿಷೇಧದೊಡನೆ ಅನ್ನದ ವ್ಯವಸ್ಥೆಯೂ ಇರಬೇಕೆಂಬುದು ಕಡಲ ಅನುಭವದ ಇನ್ನೊಂದು ಪಾಠ. ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರನು 1,500 ರೂಪಾಯಿ ಉಳಿಸಿದರೆ ಸರ್ಕಾರವು 3,000 ರೂಪಾಯಿ ಸೇರಿಸಿ, ದುಡಿಮೆಯಿಲ್ಲದ ತಿಂಗಳುಗಳಲ್ಲಿ ಒಟ್ಟು 4,500 ರೂಪಾಯಿಗಳನ್ನು ನೀಡುತ್ತದೆ. ಮೊತ್ತವು ದೊಡ್ಡದಲ್ಲ. ಆದರೂ ಹಸಿದವನಿಗೆ ಬಲೆ ಹಾಕಬೇಡವೆಂದು ಹೇಳುವ ಮುನ್ನ ಅವನ ಒಲೆಯ ಕಡೆಗೂ ನೋಡಬೇಕೆಂಬ ನೀತಿ ಅದರಲ್ಲಿದೆ.

ಈಗ ಕೆರೆಯ ವಿಚಾರ. ಸಂವಿಧಾನದ 11ನೆಯ ಅನುಸೂಚಿಯು ಮೀನುಗಾರಿಕೆಯನ್ನು ಪಂಚಾಯಿತಿಗಳ ವಿಷಯಗಳಲ್ಲಿ ಸೇರಿಸಿದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟುಳ್ಳ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಹರಾಜು ಹಾಕುವುದು ಗ್ರಾಮ ಪಂಚಾಯಿತಿಯೇ. ಸಿಡಿಮದ್ದು ಹಾಗೂ ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ಅಪರಾಧವೆಂದು ಸಾರಿತ್ತು. ಒಳನಾಡು ಮೀನುಗಾರಿಕೆಯ ಸಂರಕ್ಷಣೆ ಮತ್ತು ನಿಯಂತ್ರಣಕ್ಕಾಗಿ ರಾಜ್ಯದಲ್ಲಿ 1996ರ ಅಧಿನಿಯಮವೂ ಇದೆ. ಆದರೂ ಕೆರೆಯಲ್ಲಿ ಕೀಟನಾಶಕ ಬೆರೆಸುವುದು, ಹೊಳೆಯ ಮಡುವಿಗೆ ತೋಟೆ ಎಸೆಯುವುದು, ನೀರಿಗೆ ವಿದ್ಯುತ್ ಹಾಯಿಸುವುದು, ಕೋಡಿ ಬಿದ್ದಾಗ ಏರಿ ಬರುವ ಮೊಟ್ಟೆತುಂಬಿದ ಮೀನನ್ನು ಬಾಚಿಕೊಳ್ಳುವುದು ಹಳ್ಳಿಗಳಿಗೆ ಅಪರಿಚಿತವಲ್ಲ.

ಇದರ ನಷ್ಟವನ್ನು ಲೆಕ್ಕಹಾಕಿ ನೋಡಬೇಕು. ತೋಟೆ ಸಿಡಿದಾಗ ಅದರ ಆಘಾತದಿಂದ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ಸತ್ತ ಮೀನುಗಳಲ್ಲಿ ಅನೇಕವು ತೇಲುವುದಿಲ್ಲ, ತಳ ಸೇರುತ್ತವೆ. ಎಸೆದವನಿಗೂ ಅವು ದಕ್ಕುವುದಿಲ್ಲ. ವಿಷ ಬೆರೆತ ನೀರನ್ನು ಮರುದಿನ ದನಕರುಗಳು ಕುಡಿಯುತ್ತವೆ. ಬಿತ್ತನೆಮರಿಗೆ ಹಣ ಸುರಿದ ಗುತ್ತಿಗೆದಾರನು ಮುಂದಿನ ಹರಾಜಿಗೆ ಬರುವುದಿಲ್ಲ. ಬಂದರೂ ಕಡಿಮೆ ಕೂಗುತ್ತಾನೆ. ಪಂಚಾಯಿತಿಯ ವರಮಾನ ಕುಗ್ಗುತ್ತದೆ. ಕಾವೇರಿ ಕೊಳ್ಳವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಯೆಂದು ಘೋಷಿಸಲಾಯಿತು. ಅದನ್ನು ಈ ಸ್ಥಿತಿಗೆ ತಂದ ಕಾರಣಗಳಲ್ಲಿ ತೋಟೆಯೂ ಒಂದು.

ತೋಟೆ ಎಸೆದವನು ಯಾರೆಂಬುದು ಊರಿಗೆ ಬಹುಮಟ್ಟಿಗೆ ಗೊತ್ತಿರುತ್ತದೆ. ಅವನು ನೆರೆಯವನು, ನೆಂಟನು, ಮತದಾರನು. ಸದಸ್ಯರ ನಾಲಿಗೆ ಕಟ್ಟುವುದು ಇಲ್ಲಿಯೇ. ಆದರೆ ಅದೇ ಊರಿನಲ್ಲಿ ತೆಪ್ಪ ಹಾಕಿ, ನಿಯಮಬದ್ಧವಾಗಿ ಬಲೆ ಬೀಸಿ ಬದುಕುವ ಕುಟುಂಬಗಳೂ ಇವೆ. ಒಬ್ಬನ ಬಗೆಗಿನ ದಾಕ್ಷಿಣ್ಯವು ಈ ಕುಟುಂಬಗಳ ಹೊಟ್ಟೆಯ ಮೇಲೆ ಬೀಳುತ್ತದೆ.

ಊರು ಮನಸ್ಸು ಮಾಡಿದರೆ ಏನಾಗಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕಾವೇರಿಯ ದಡದ ರಾಮನಾಥಪುರದಲ್ಲಿ ಹೊಳೆಯ ಮೀನನ್ನು ಯಾರೂ ಮುಟ್ಟುವುದಿಲ್ಲ. ಮಹಶೀರ್‌ಗಳು ಮೆಟ್ಟಿಲ ಬಳಿಗೇ ಬರುತ್ತವೆ. ಆದರೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಇಂಥದೇ ಮತ್ಸ್ಯಕ್ಷೇತ್ರದ ನೀರಿಗೆ 1996ರಲ್ಲಿ ದುಷ್ಕರ್ಮಿಗಳು ವಿಷ ಬೆರೆಸಿ ಅಪಾರ ಸಂಖ್ಯೆಯ ಮೀನುಗಳನ್ನು ಕೊಂದರು. ಭಕ್ತಿಯೊಂದೇ ಸಾಲದು, ಎಚ್ಚರವೂ ಬೇಕೆಂಬುದನ್ನು ಅಲ್ಲಿಯ ಮೀನುಗಳ ಸ್ಮಾರಕ ನೆನಪಿಸುತ್ತಿದೆ.

ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು ಇವು:

1. ಪಾಶುವಾರು ಹಕ್ಕಿನ ಹರಾಜಿನ ಷರತ್ತುಗಳಲ್ಲಿ ಬಲೆಯ ಕಣ್ಣಿನ ಅಳತೆ, ಮೀನು ಹಿಡಿಯಬಾರದ ತಿಂಗಳುಗಳು ಹಾಗೂ ವಿಷ, ಸಿಡಿಮದ್ದು, ವಿದ್ಯುತ್ ಬಳಕೆಯ ನಿಷೇಧವನ್ನು ಮೀನುಗಾರಿಕೆ ಇಲಾಖೆಯ ಸಲಹೆ ಪಡೆದು ಲಿಖಿತವಾಗಿ ಸೇರಿಸುವುದು. ಮುರಿದಲ್ಲಿ ಗುತ್ತಿಗೆ ರದ್ದಾಗುವಂತೆ ಮಾಡುವುದು.

2. ಹಿಡಿದ ಮೀನನ್ನು ಕೆರೆಯ ಏರಿಯ ಮೇಲೆ ಗೊತ್ತುಪಡಿಸಿದ ಒಂದೇ ಸ್ಥಳದಲ್ಲಿ ತೂಗುವಂತೆ ಮಾಡುವುದು. ಇದೇ ಊರಿನ ಬಂದರು.

3. ಗ್ರಾಮಸಭೆಯಲ್ಲಿ ನಿರ್ಣಯ ಅಂಗೀಕರಿಸಿ, ಅದರ ಪ್ರತಿಯನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರಿಗೂ ಪೊಲೀಸ್ ಠಾಣೆಗೂ ಕಳುಹಿಸುವುದು. ದೂರು ವ್ಯಕ್ತಿಯದಾಗದೆ ಪಂಚಾಯಿತಿಯದಾದರೆ ಯಾವ ಸದಸ್ಯರೂ ಒಂಟಿಯಾಗುವುದಿಲ್ಲ.

4. ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಸ್ಥಳೀಯ ಮೀನುಗಳ ಹೆಸರುಗಳನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆಸುವುದು.

5. ಮೀನು ಹಿಡಿದೇ ಬದುಕುವ ಕುಟುಂಬಗಳ ಪಟ್ಟಿ ತಯಾರಿಸಿ, ಪರಿಹಾರ ಹಾಗೂ ಅಪಘಾತ ವಿಮೆಯ ಯೋಜನೆಗಳಿಗೆ ಅರ್ಹರಾದವರಿಂದ ಅರ್ಜಿ ಹಾಕಿಸುವುದು.

ಕಡಲಿನ ಮೇಲೆ ಸಾವಿರಾರು ದೋಣಿಗಳಿವೆ; ಕಾಯುವವರು ಕೆಲವರು. ಊರಿನ ಕೆರೆಗಾದರೋ ಏರಿಯ ಮೇಲೆ ನಿಂತರೆ ಆಚೆಯ ದಡ ಕಾಣುತ್ತದೆ. ಕಡಲಿಗಿಲ್ಲದ ಈ ಅನುಕೂಲವನ್ನು ಪಂಚಾಯಿತಿಗಳು ಬಳಸಿಕೊಳ್ಳಲಿ. ಬರುವ ಮುಂಗಾರಿಗೆ ಮುನ್ನವೇ, ಮೀನು ಮೊಟ್ಟೆಯಿಡುವ ಮೊದಲೇ, ಈ ನಿರ್ಣಯಗಳು ನಡವಳಿ ಪುಸ್ತಕದಲ್ಲಿ ದಾಖಲಾಗಲಿ.