ಜಗತ್ತಿಗೆಲ್ಲ ಒಂದೇ ಭಾಷೆ ಸಾಕಾ? ಗಡಿನಾಡಿನ ಹುಡುಗರ ಮುಂದೆ ಆಡಿದ ಮಾತು



ನನಗೆ ಕೊಟ್ಟ ವಿಷಯ ಬಹಳ ದೊಡ್ಡದದ. ಇಡೀ ಜಗತ್ತಿಗೆ ಒಂದೇ ಭಾಷೆ ಇದ್ದರೆ ಒಳ್ಳೇದಲ್ಲವಾ ಅಂತ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ಹುಡುಗರಿಗೆ ಈ ಪ್ರಶ್ನೆ ಬರೋದು ಸಹಜ. ಮನೆಯೊಳಗೆ ಕನ್ನಡ, ಸಾಲಿಯೊಳಗೆ ತೆಲುಗು, ಬಜಾರದೊಳಗೆ ಉರ್ದು-ಹಿಂದಿ, ನೌಕರಿ ಅಂದರೆ ಇಂಗ್ಲಿಷ್. ನಾರಾಯಣಪೇಟೆಯಲ್ಲಂತೂ ಮರಾಠಿ ಮಾತಾಡೋ ಮನೆಗಳೂ ಅವ. ಇಷ್ಟೆಲ್ಲಾ ಹೊತ್ತುಕೊಂಡು ತಿರುಗೋದಕ್ಕಿಂತ ಒಂದೇ ಇದ್ದರೆ ಹಗುರ ಆಗ್ತಿತ್ತು ಅಂತ ಯಾರಿಗಾದರೂ ಅನ್ನಿಸ್ತದ. ಹಂಗ ಅಂದವರನ್ನ ಭಾಷಾದ್ರೋಹಿ ಅಂತ ಬೈಯೋಕೆ ನಾನು ಬಂದಿಲ್ಲ.

ಈ ಆಸೆ ಹಳೇದು. ಪೋಲೆಂಡಿನ ಬಿಯಾಲಿಸ್ಟೋಕ್ ಅನ್ನೋ ಊರಿನಲ್ಲಿ ಹುಟ್ಟಿದ ಝಾಮೆನ್‌ಹೋಫ್ ಅಂತ ಒಬ್ಬ ಕಣ್ಣಿನ ಡಾಕ್ಟರ್ ಇದ್ದ. ಅವನ ಊರೂ ನಮ್ಮ ಊರುಗಳ ಹಂಗೇ. ಪೋಲಿಷ್, ರಷ್ಯನ್, ಜರ್ಮನ್, ಯಹೂದಿಗಳ ಯಿಡ್ಡಿಷ್, ಎಲ್ಲಾ ಒಂದೇ ಊರಾಗ. ಆತ 1887ರಲ್ಲಿ ಎಸ್ಪೆರಾಂಟೋ ಅಂತ ಹೊಸ ಭಾಷೆಯನ್ನೇ ಕಟ್ಟಿ ಪುಸ್ತಕ ಹೊರತಂದ. ಇಲ್ಲಿ ಒಂದು ಮಾತು ಗಮನಿಸ್ರಿ. ಆತ ಯಾರ ತಾಯಿಭಾಷೆಯನ್ನೂ ಬಿಡು ಅನ್ನಲಿಲ್ಲ. ಎಲ್ಲರಿಗೂ ಎರಡನೇ ಭಾಷೆ ಆಗಲಿ ಅಂದ. ಇವತ್ತು "ಒಂದೇ ಭಾಷೆ" ಅನ್ನುವವರು ಇಷ್ಟು ಸಣ್ಣ ಆಸೆಗೆ ನಿಲ್ಲೋದಿಲ್ಲ.

ದೂರ ಯಾಕೆ ಹೋಗಬೇಕು? ಒಂದೇ ಭಾಷೆಯ ಆಡಳಿತವನ್ನು ನಮ್ಮ ಅಜ್ಜಂದಿರೇ ಕಂಡವರು. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲು ಫಾರಸಿ, 1880ರ ದಶಕದಿಂದ ಉರ್ದು. ಕಚೇರಿ, ಕೋರ್ಟು, ದೊಡ್ಡ ಸಾಲಿ ಎಲ್ಲಾ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಕಟ್ಟಿದಾಗ ಪಾಠವೂ ಉರ್ದುವಿನಲ್ಲೇ. ಅದಕ್ಕೆ ಒಂದು ಮೆಚ್ಚುಗೆ ಸಲ್ಲಲೇಬೇಕು. ಇಂಗ್ಲಿಷ್ ಇಲ್ಲದೆ ದೇಶದ ಭಾಷೆಯಲ್ಲೇ ವೈದ್ಯ, ಎಂಜಿನಿಯರಿಂಗ್ ಕಲಿಸಬಹುದು ಅಂತ ಅವರು ತೋರಿಸಿದರು. ಅದಕ್ಕಾಗಿ ಅನುವಾದದ ಇಲಾಖೆಯನ್ನೇ ತೆರೆದಿದ್ದರು. ಆದರೆ ಆ ರಾಜ್ಯದಲ್ಲಿ ಉರ್ದು ಮನೆಮಾತಾಗಿದ್ದವರು ನೂರಕ್ಕೆ ಸುಮಾರು ಹತ್ತು-ಹನ್ನೆರಡು ಜನ. ತೆಲುಗಿನವರು ಹೆಚ್ಚುಕಮ್ಮಿ ಅರ್ಧ, ಮರಾಠಿಯವರು ಕಾಲುಭಾಗ, ನಾವು ಕನ್ನಡದವರು ಹತ್ತರಲ್ಲಿ ಒಂದು ಪಾಲು. ಖುಷ್ಕಿ, ತರಿ, ಪಹಣಿ, ಫಸಲಿ ಅಂತ ಇವತ್ತಿಗೂ ಅಂತೀವಲ್ಲ, ಅವೆಲ್ಲಾ ಆ ಕಚೇರಿಯಿಂದ ಬಂದ ಮಾತುಗಳು. ಮಾತು ಬಂದರೆ ತಪ್ಪೇನಿಲ್ಲ, ಭಾಷೆ ಬೆಳೆಯೋದೇ ಹಂಗ. ಆದರೆ ಹೊಲ ಉಳುವವನಿಗೆ ತನ್ನದೇ ಹೊಲದ ಕಾಗದ ಓದೋಕೆ ಬರದೆ, ಓದಿ ಹೇಳೋಕೆ ಇನ್ನೊಬ್ಬ ಬೇಕಾಯಿತು. ಆ ಇನ್ನೊಬ್ಬ ಏನು ಹೇಳಿದರೆ ಅದೇ ಖರೆ.

ಈಗ ಒಂದು ಸಂಗತಿ ಹೇಳ್ತೀನಿ. ನಮ್ಮ ತೆಲುಗು ಗೆಳೆಯರಿಗೂ ಇದನ್ನ ಹೇಳ್ರಿ. 1921ರ ನವೆಂಬರ್. ಹೈದರಾಬಾದಿನ ವಿವೇಕವರ್ಧಿನಿಯಲ್ಲಿ ಸಮಾಜ ಸುಧಾರಣೆಯ ಸಭೆ. ಅಧ್ಯಕ್ಷರು ಮಹರ್ಷಿ ಕರ್ವೆ. ಇಂಗ್ಲಿಷ್, ಉರ್ದು, ಮರಾಠಿ ಭಾಷಣಗಳನ್ನ ಜನ ಸುಮ್ಮನೆ ಕುಂತು ಕೇಳಿದರು. ವಕೀಲ ಆಲಂಪಲ್ಲಿ ವೆಂಕಟರಾಮರಾವ್ ಎದ್ದು ತೆಲುಗಿನಲ್ಲಿ ಶುರು ಮಾಡಿದರು ನೋಡ್ರಿ, ಸಭೆಯೊಳಗೆ ಗದ್ದಲ, ಗೇಲಿ, ಚಪ್ಪಾಳೆ ಹೊಡೆದು ಕೂಡಿಸೋ ಪ್ರಯತ್ನ. ರಾಜ್ಯದ ಅರ್ಧ ಜನರ ಭಾಷೆಗೆ ರಾಜಧಾನಿಯಲ್ಲಿ ಆ ಗತಿ! ಆ ರಾತ್ರಿಯೇ ಕೆಲವರು ಕೂಡಿ ಆಂಧ್ರ ಜನಸಂಘ ಕಟ್ಟಿದರು. ಮುಂದೆ ಆಂಧ್ರ ಮಹಾಸಭೆ ಆದದ್ದು ಅದರಿಂದಲೇ. ತೆಲಂಗಾಣದಲ್ಲಿ ಕವಿಗಳೇ ಇಲ್ಲ ಅಂತ ಯಾರೋ ಬರೆದಾಗ, ನಮ್ಮ ಗದ್ವಾಲ-ಆಲಂಪುರ ಸೀಮೆಯ ಸುರವರಂ ಪ್ರತಾಪರೆಡ್ಡಿಯವರು 1934ರಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಕವಿಗಳ ಸಂಚಿಕೆಯನ್ನೇ ಅಚ್ಚು ಹಾಕಿಸಿದರು. ಅದೇ ವರ್ಷ ಇತ್ತ ಕೃಷ್ಣೆಯ ದಕ್ಷಿಣಕ್ಕೆ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ. ಒಂದೇ ನಿಜಾಮರ ಕೈಕೆಳಗೆ ತೆಲುಗರೂ ನಾವೂ ಒಂದೇ ನೋವು ಉಂಡವರು.

ಹಂಗಾಗಿ ತೆಲುಗಿನ ಮೇಲೆ ಸಿಟ್ಟು ಮಾಡೋ ಮಾತು ನನ್ನ ಬಾಯಿಂದ ಬರೋದಿಲ್ಲ. ತೆಲಂಗಾಣ ಸರ್ಕಾರ 2018ರಲ್ಲಿ ಸಾಲಿಗಳಲ್ಲಿ ತೆಲುಗು ಕಡ್ಡಾಯ ಅಂತ ಕಾನೂನು ಮಾಡ್ತು. ಕಲೀರಿ. ಚೆನ್ನಾಗಿ ಕಲೀರಿ. ಈ ರಾಜ್ಯದಲ್ಲಿ ಬಾಳುವೆ ಮಾಡುವವರಿಗೆ ತೆಲುಗು ಬೇಕೇ ಬೇಕು. ನಾನು ಕೇಳೋದು ಬೇರೆ. ತೆಲುಗು ಒಂದು ವಿಷಯವಾಗಿ ಬರೋದಕ್ಕೂ, ಆರು ವರ್ಷದ ಕೂಸಿಗೆ ಲೆಕ್ಕ, ಪರಿಸರ ಎಲ್ಲವೂ ಮನೆಯಲ್ಲಿ ಕೇಳದ ಭಾಷೆಯಲ್ಲೇ ಬರೋದಕ್ಕೂ ಭಾಳ ಫರಕ್ ಅದ. ಎರಡನೇದರಲ್ಲಿ ಕೂಸು ಪಾಠ ಕಲಿಯೋ ಮೊದಲು ಸುಮ್ಮನಿರೋದನ್ನ ಕಲೀತದ.

"ಅಣ್ಣಾ, ಒಂದೇ ಭಾಷೆ ಆದರೆ ಜಗಳ ತಪ್ಪುತ್ತಲ್ಲ" ಅಂತ ಕೆಲವರು ಅಂತಾರೆ. 1956ರ ನವೆಂಬರ್ 1ಕ್ಕೆ ಭಾಷೆ ಒಂದೇ ಅಂತ ಆಂಧ್ರ-ತೆಲಂಗಾಣ ಒಂದು ಮಾಡಿದರು. ಅದೇ ದಿನ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲೂಕು ಆ ಕಡೆ ಸೇರಿದವು. ಮಕ್ತಲ್ ಸೀಮೆ ಮೊದಲೇ ಮಹಬೂಬನಗರದಲ್ಲಿತ್ತು. ಮುಂದೆ ಏನಾಯಿತು? ನೀರು, ನೌಕರಿ, ರೊಕ್ಕದ ಜಗಳ. ಭಾಷೆ ಒಂದೇ ಇದ್ದರೂ 2014ರ ಜೂನ್ 2ಕ್ಕೆ ಬೇರೆ ಆದರು. ಆಫ್ರಿಕಾದ ರುವಾಂಡಾದಲ್ಲಿ ಹುಟುಗಳೂ ಟುಟ್ಸಿಗಳೂ ಒಂದೇ ಕಿನ್ಯರ್ವಾಂಡಾ ಮಾತಾಡುವವರು. 1994ರಲ್ಲಿ ಅಲ್ಲಿ ನಡೆದ ಕೊಲೆಗಳನ್ನ ಭಾಷೆ ತಡೀಲಿಲ್ಲ. ಇನ್ನು ಒಂದೇ ಭಾಷೆಯನ್ನ ಬಲವಂತ ಮಾಡಿದರೆ ಏನಾಗ್ತದ ಅನ್ನೋದಕ್ಕೆ ಢಾಕಾ ಸಾಕು. ಉರ್ದು ಒಂದೇ ಅಂದಿದ್ದಕ್ಕೆ 1952ರ ಫೆಬ್ರುವರಿ 21ರಂದು ಬಂಗಾಳಿ ಹುಡುಗರು ಗುಂಡಿಗೆ ಬಿದ್ದರು. ಅವರೂ ನಿಮ್ಮ ವಯಸ್ಸಿನವರೇ.

ಹಂಗಾದರೆ ಸಾಮಾನ್ಯ ಭಾಷೆ ಬೇಡವಾ? ಬೇಕು. ಹೈದರಾಬಾದಿನಲ್ಲಿ ಕೆಲಸ ಹುಡುಕುವವನಿಗೆ ಇಂಗ್ಲಿಷ್ ಬೇಕು. ಅದನ್ನ ಕಲಿಯೋಕೆ ಕನ್ನಡ ಮರೀಬೇಕಾಗಿಲ್ಲ, ಅಷ್ಟೇ. ಮಕ್ತಲ್ ಸಂತೆಯಲ್ಲಿ ಕೂರುವ ನಮ್ಮ ಅವ್ವಂದಿರು ಸಾಲಿ ಕಟ್ಟೆ ಹತ್ತದೆ ಮೂರು ಭಾಷೆಯಲ್ಲಿ ವ್ಯಾಪಾರ ಮಾಡ್ತಾರೆ. ನೀವು ಡಿಗ್ರಿ ಓದಿದವರು, ನಿಮಗೆ ಭಾರ ಯಾಕೆ?

ಇನ್ನು ಮುಖ್ಯ ವಿಷಯಕ್ಕೆ ಬರ್ತೀನಿ. ಫೋನು ಕೆಳಗಿಟ್ಟು ಕೇಳ್ರಿ.

ಅಲ್ಪಸಂಖ್ಯಾತ ಭಾಷೆಯ ಹಕ್ಕು ಕೂಗಿದರೆ ಬರೋದಿಲ್ಲ, ಲೆಕ್ಕದ ಮೇಲೆ ಬರ್ತದ. ಸಂವಿಧಾನದ 350ಎ ವಿಧಿ, 1956ರ ಏಳನೇ ತಿದ್ದುಪಡಿಯಲ್ಲಿ ಬಂದದ್ದು, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯ ಕೊಡಬೇಕು ಅಂತದ. ಅದೇ ವರ್ಷದ ಕೇಂದ್ರದ ಜ್ಞಾಪನಪತ್ರದಂತೆ, ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಕೇಳಿದರೆ ಆ ಭಾಷೆಯ ಶಿಕ್ಷಕರನ್ನ ಕೊಡಬೇಕು. 1961ರಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನ ಇನ್ನೊಂದು ಒಪ್ಪಿತು: ಜಿಲ್ಲೆ, ತಾಲೂಕು, ಪುರಸಭೆಯಲ್ಲಿ ಒಂದು ಭಾಷೆಯವರು ನೂರಕ್ಕೆ 15 ಇದ್ದರೆ ಮುಖ್ಯ ಸರ್ಕಾರಿ ಸೂಚನೆಗಳು ಆ ಭಾಷೆಯಲ್ಲೂ ಬರಬೇಕು. ಜಾರಿ ಎಷ್ಟಾಗ್ಯಾದ ಅಂತ ನಿಮ್ಮ ತಹಶೀಲ್ ಆಫೀಸಿನ ಗೋಡೆ ನೋಡಿದರೆ ಗೊತ್ತಾಗ್ತದ. ಆದರೆ ಕೇಳೋಕೆ ಹೋದಾಗ ನಮ್ಮ ಕೈಯಲ್ಲಿ ಇರಬೇಕಾದ್ದು ಈ ಅಂಕಿಗಳೇ: 10, 40, 15.

40ರ ಲೆಕ್ಕ ನಮ್ಮ ಮನೆ ಹೊಸ್ತಿಲಲ್ಲೇ ಮುರೀತದ. ಕನ್ನಡ ಸಾಲಿ ಮುಚ್ಚಬಾರದು ಅಂತ ಪೋಸ್ಟ್ ಹಾಕಿ, ಸ್ವಂತ ತಮ್ಮನನ್ನ ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ವ್ಯಾನಿಗೆ ಹತ್ತಿಸಿದರೆ ಸರ್ಕಾರಕ್ಕೆ ಏನಂತ ಅರ್ಜಿ ಬರೆಯೋಣ? ಆ ಸಾಲಿಯೊಳಗೆ ಒಳ್ಳೆ ಇಂಗ್ಲಿಷ್ ಶಿಕ್ಷಕರು ಬೇಕು, ಹೊತ್ತಿಗೆ ಸರಿಯಾಗಿ ಕನ್ನಡ ಪುಸ್ತಕ ಬೇಕು ಅಂತ ಕೇಳೋಣ. ಅದನ್ನ ಕೇಳೋಕೂ ಮೊದಲು ಮಕ್ಕಳು ಅಲ್ಲಿ ಇರಬೇಕು.

15ರ ಲೆಕ್ಕ ಜನಗಣತಿಯಲ್ಲಿ ನಿರ್ಧಾರ ಆಗ್ತದ. ಈ ಸಲದ ಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ಮನೆಗೆ ಬಂದವರು ಮಾತೃಭಾಷೆ ಯಾವುದು ಅಂತ ಕೇಳ್ತಾರೆ. ಗಣತಿಯ ಪ್ರಕಾರ ಮಾತೃಭಾಷೆ ಅಂದರೆ ಕೂಸಾಗಿದ್ದಾಗ ತಾಯಿ ನಿಮ್ಮ ಜೊತೆ ಆಡಿದ ಭಾಷೆ. ನೀವು ತೆಲುಗು ಮೀಡಿಯಂ ಓದಿರಬಹುದು, ಕನ್ನಡ ಬರೆಯೋಕೆ ಬರದೇ ಇರಬಹುದು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅವ್ವ ಕನ್ನಡ ಆಡಿದ್ದರೆ ಅಲ್ಲಿ ಕನ್ನಡ ಅಂತಲೇ ಬರೆಸಬೇಕು. ಬೇರೆ ಗೊತ್ತಿರೋ ಭಾಷೆಗಳ ಕಾಲಂ ಬೇರೆ ಇರ್ತದ, ತೆಲುಗು, ಇಂಗ್ಲಿಷ್ ಅಲ್ಲಿ ಬರೆಸ್ರಿ. "ತೆಲಂಗಾಣದಲ್ಲಿ ಇದ್ದೀವಿ, ತೆಲುಗು ಅಂತ ಹಾಕ್ಕೊಳ್ರಿ" ಅಂತ ಅಜ್ಜ ಅಂದುಬಿಟ್ಟರೆ ಮುಗೀತು, ಮುಂದಿನ ಹತ್ತು ವರ್ಷ ಆ ಮನೆಯ ಕನ್ನಡ ಕಾಗದದ ಮೇಲೆ ಇರೋದಿಲ್ಲ. ಯಾರದೋ ಮನೆಮಾತು ತೆಲುಗೋ ಮರಾಠಿಯೋ ಆಗಿದ್ದರೆ ಅದನ್ನೇ ಬರೆಸಲಿ. ಸುಳ್ಳು ಲೆಕ್ಕ ನಮಗೆ ಬೇಡ.

ಲಿಪಿಯ ಮಾತು ಒಂದು ಉಳೀತು. ನಿಮ್ಮಲ್ಲಿ ಭಾಳ ಮಂದಿ ವಾಟ್ಸಾಪ್‌ನಲ್ಲಿ ಕನ್ನಡವನ್ನ ತೆಲುಗು ಅಕ್ಷರದಲ್ಲಿ, ಇಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಹಾಕ್ತೀರಿ. ಕನ್ನಡ, ತೆಲುಗು ಲಿಪಿ ಎರಡೂ ಒಂದೇ ಹಳೇ ಲಿಪಿಯಿಂದ ಕವಲೊಡೆದವು. ತಲಕಟ್ಟು ಅನ್ನೋ ಹೆಸರು ಕೂಡ ಎರಡರಲ್ಲೂ ಅದೇ. ತೆಲುಗು ಓದೋಕೆ ಬಂದವರಿಗೆ ಕನ್ನಡ ಲಿಪಿ ಕೆಲವೇ ದಿನದ ಕೆಲಸ. ಫೋನಿನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಅದ, ಇವತ್ತೇ ಹಾಕ್ಕೊಳ್ರಿ.

ನನ್ನ ಮಾತು ಇಷ್ಟು. ಗಣತಿಯ ಕಾಲಂ ವಿಷಯ ಮನೆಗೆ ಹೋಗಿ ಹಿರಿಯರಿಗೆ ಹೇಳ್ರಿ, ಓಣಿಯೊಳಗೆ ಹೇಳ್ರಿ. ಈಗ ಏನರ ಕೇಳೋದಿದ್ದರೆ ಕೇಳ್ರಿ, ತೆಲುಗಿನಲ್ಲಿ ಕೇಳಿದರೂ ನಡೀತದ.